ನೋಡುವ ಹಕ್ಕಿ

ದೊಡ್ಡ ಪಟ್ಟಣವೊಂದನ್ನು ನೋಡಲು ಹೋದ ಪ್ರವಾಸಿಕನಲ್ಲಿ ಒಂದು ಬಗೆಯ ನಿರ್ಲಿಪ್ತತೆ ತಾನಾಗಿಯೇ ನೆಲೆಗೊಳ್ಳುತ್ತದೆ. ಅಲ್ಲಿಯ ಕಂದಾಯ ಅವನದಲ್ಲ, ಅಲ್ಲಿಯ ವ್ಯಾಜ್ಯ ಅವನದಲ್ಲ, ಅಲ್ಲಿಯ ಮದುವೆಗೂ ಸಾವಿಗೂ ಅವನಿಗೆ ಕರೆಯಿಲ್ಲ. ಎಲ್ಲವನ್ನೂ ಕಾಣುತ್ತ ಯಾವುದಕ್ಕೂ ಅಂಟಿಕೊಳ್ಳದೆ ನಡೆಯುವ ಈ ಸುಖವನ್ನು ಉಂಡವನಿಗೆ, ವೇದಾಂತಿಗಳು ಹೇಳುವ ಸಾಕ್ಷಿಭಾವವೆಂದರೆ ಇದೇ ಇರಬಹುದೆಂಬ ಭ್ರಮೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆ ಭ್ರಮೆಯನ್ನು ಒರೆಗೆ ಹಚ್ಚುವುದಕ್ಕೆ ಹಳೆಯ ದಿಲ್ಲಿಗಿಂತ ತಕ್ಕ ಸ್ಥಳ ನಮ್ಮ ದೇಶದಲ್ಲಿ ಬೇರೊಂದಿಲ್ಲವೆಂದು ನನ್ನ ಎಣಿಕೆ.

ಅಲ್ಲಿ ಷಾಹಜಹಾನನ ಮಗಳು ಜಹಾನಾರಾ ರೂಪಿಸಿದ ಚಾಂದನಿ ಚೌಕವು ಕೆಂಪುಕೋಟೆಯಿಂದ ಫತೇಪುರಿ ಮಸೀದಿಯವರೆಗೆ ಒಂದು ಮೈಲಿಯೊಳಗೇ ಮುಗಿದುಹೋಗುವ ಬೀದಿ. ದಿಗಂಬರ ಜೈನರ ಲಾಲ್ ಮಂದಿರ, ಅದರ ಆವರಣದಲ್ಲಿ ಹಕ್ಕಿಗಳ ಆಸ್ಪತ್ರೆ, ಪಕ್ಕದಲ್ಲಿ ಗೌರೀಶಂಕರನ ಗುಡಿ, ತುಸು ಮುಂದೆ ಸೀಸ್‌ಗಂಜ್ ಗುರುದ್ವಾರ, ಅದಕ್ಕೆ ಹೊಂದಿಕೊಂಡಂತೆ ಚಿನ್ನದ ಮಸೀದಿ ಎನಿಸಿದ ಸುನೇಹರಿ ಮಸೀದಿ. ನಡುವೆ ಜರಿಯಂಗಡಿ, ಕೈಗಾಡಿ, ಹೊರೆಯಾಳು, ಜಿಲೇಬಿಯ ಬಾಣಲೆ. ಕಾಲಿಡಲು ಎಡೆಯಿಲ್ಲದ ಈ ಸಂದಣಿಯಲ್ಲಿ ನಿರ್ಲಿಪ್ತನಾಗಿರುವುದು ದೇಹಕ್ಕೆ ಅಸಾಧ್ಯ, ಮನಸ್ಸಿಗೆ ಮಾತ್ರ ಬಹು ಸುಲಭ.

ಆದರೆ ಈ ಬೀದಿಯಲ್ಲಿ ನಮಗಿಂತ ಮೊದಲು ನೋಡಿದವರು ಇದ್ದಾರೆ. 1739ರ ಮಾರ್ಚಿನಲ್ಲಿ ಇರಾನಿನ ದೊರೆ ನಾದಿರ್‌ಷಹನು ಈ ಸುನೇಹರಿ ಮಸೀದಿಯಲ್ಲಿ ಕುಳಿತು, ತಾನೇ ಆಜ್ಞಾಪಿಸಿದ ನಗರದ ಕಗ್ಗೊಲೆಯನ್ನು ನೋಡುತ್ತಿದ್ದನೆಂಬುದು ಪ್ರಸಿದ್ಧ. ಅವನಿಗೂ ಈ ಊರು ಪರವೂರೇ. ಅವನೂ ಕೆಲವು ವಾರ ತಂಗಿದ್ದು, ಮಯೂರ ಸಿಂಹಾಸನವನ್ನು ಹೊರಿಸಿಕೊಂಡು ಹೊರಟುಹೋದವನೇ. ಅಂಟದೆ ನೋಡುವುದೊಂದೇ ಸಾಕ್ಷಿಯ ಲಕ್ಷಣವಾದರೆ ಆ ಪದವಿ ಅವನಿಗೂ ಸಲ್ಲಬೇಕಾಗುತ್ತದೆ!

ಅದಕ್ಕೆ ಎಂಬತ್ತು ವರ್ಷ ಹಿಂದೆ, 1659ರಲ್ಲಿ, ಸೋತು ಸೆರೆಸಿಕ್ಕ ಅಣ್ಣ ದಾರಾ ಷುಕೋಹನನ್ನು ಔರಂಗಜೇಬನು ಬಡಕಲು ಆನೆಯೊಂದರ ಮೇಲೆ ಕೂರಿಸಿ ದಿಲ್ಲಿಯ ಪೇಟೆಯಲ್ಲಿ ಮೆರವಣಿಗೆ ಮಾಡಿಸಿದಾಗ, ಫ್ರೆಂಚ್ ವೈದ್ಯ ಬೆರ್ನಿಯೇ ಕುದುರೆಯ ಮೇಲೆ ಕುಳಿತು ಅದನ್ನು ಕಂಡನು; ಜನ ಗೋಳೋ ಎಂದು ಅತ್ತುದನ್ನೂ, ಆದರೆ ಬಿಡಿಸುವುದಕ್ಕಾಗಿ ಒಬ್ಬನೂ ಕತ್ತಿ ಹಿರಿಯಲಿಲ್ಲವೆಂಬುದನ್ನೂ ಬರೆದಿಟ್ಟನು. ಹಾಗೆ ಕೊಲೆಗೆ ಸಾಗುತ್ತಿದ್ದ ರಾಜಕುಮಾರನು ಎರಡೇ ವರ್ಷಗಳ ಹಿಂದೆ, 1657ರಲ್ಲಿ, ಇದೇ ನಗರದಲ್ಲಿ ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ತಂದು ಮುಗಿಸಿದ್ದವನು. ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳಲ್ಲಿ ಒಂದು ಹಣ್ಣನ್ನು ತಿನ್ನುತ್ತದೆ, ಮತ್ತೊಂದು ತಿನ್ನದೆ ನೋಡುತ್ತಿರುತ್ತದೆ ಎಂಬ ಮುಂಡಕದ ದೃಷ್ಟಾಂತವೂ ಅವುಗಳಲ್ಲಿ ಸೇರಿತ್ತು.

ಪ್ರವಾಸಿಕನು ತನ್ನನ್ನು ಆ ಎರಡನೆಯ ಹಕ್ಕಿಯೆಂದು ಬಗೆಯುವಾಗ ಆ ಮಂತ್ರದ ಅರ್ಧವನ್ನು ಬಿಟ್ಟುಬಿಡುತ್ತಾನೆ. ಅವೆರಡೂ ಗೆಳೆಯ ಹಕ್ಕಿಗಳು, ಎಂದೂ ಅಗಲದವು. ಉಣ್ಣುವ ಹಕ್ಕಿಯು ದುಃಖದಲ್ಲಿ ಮುಳುಗಿ, ನೋಡುವ ಹಕ್ಕಿಯತ್ತ ದೃಷ್ಟಿ ತಿರುಗಿಸಿದಾಗ ಅದರ ಶೋಕವು ನೀಗುತ್ತದೆಂದು ಮುಂದಿನ ಮಂತ್ರದ ಆಶಯ. ಬೆರ್ನಿಯೇಯತ್ತ ತಿರುಗಿ ನೋಡಿದ್ದರೆ ದಾರಾನ ಯಾವ ಶೋಕ ನೀಗುತ್ತಿತ್ತು? ನಮ್ಮ ಕೊರಳಿನ ಕ್ಯಾಮರಾವನ್ನು ಕಂಡು ಹೊರೆಯಾಳಿನ ಯಾವ ಭಾರ ಇಳಿಯುತ್ತದೆ? ನಮ್ಮ ನಿರ್ಲಿಪ್ತತೆಯು ಹೊಣೆಯಿಲ್ಲದಿರುವುದರ ಸುಖವೇ ಹೊರತು ವೈರಾಗ್ಯವಲ್ಲ. ಅಷ್ಟಲ್ಲದೆ, ತಿನ್ನುವ ಹಕ್ಕಿಯೂ ನಾವೇ. ದೃಶ್ಯಗಳೆಂಬ ಹಣ್ಣನ್ನು ಇಷ್ಟು ಆತುರದಿಂದ ಮುಕ್ಕುವವರು ಬೇರಾರಿದ್ದಾರೆ?

ಸೀಸ್‌ಗಂಜ್ ಗುರುದ್ವಾರದಲ್ಲಿ ಈ ನೋಡುವ ಹಕ್ಕಿಗೆ ಕೊಂಚ ಇಕ್ಕಟ್ಟಾಗುತ್ತದೆ. 1675ರಲ್ಲಿ ಗುರು ತೇಗ್ ಬಹಾದೂರರ ಶಿರಶ್ಛೇದವಾದ ಸ್ಥಳವದು. ಸುಮ್ಮನೆ ನೋಡಲು ಬಂದವನೂ ಪಾದರಕ್ಷೆ ಬಿಟ್ಟು, ಕಾಲು ತೊಳೆದು, ತಲೆಗೆ ವಸ್ತ್ರ ಕಟ್ಟಿಕೊಳ್ಳಬೇಕು. ಅಲ್ಲಿಯ ಸಾಮೂಹಿಕ ಊಟವಾದ ಲಂಗರಿನ ಪಂಕ್ತಿಯಲ್ಲಿ ಜಾತಿ ಮತಗಳನ್ನು ಯಾರೂ ಕೇಳುವುದಿಲ್ಲ. ನೆಲದ ಮೇಲೆ ಕುಳಿತು, ಎರಡು ಕೈಯನ್ನೂ ಚಾಚಿ ರೊಟ್ಟಿಯನ್ನು ಬೇಡಿ ಪಡೆಯಬೇಕು, ಎಡಗಡೆ ಕುಳಿತವನು ಜವಳಿ ವ್ಯಾಪಾರಿಯೋ ಹೊರೆಯಾಳೋ ಯಾರಾದರೂ ಆಗಿರಬಹುದು. ಶ್ರುತಿಯ ಸಾಕ್ಷಿ ಉಣ್ಣುವುದಿಲ್ಲವೆಂಬುದು ನಿಜ. ಆದರೆ ಆ ಸಾಕ್ಷಿಯ ಪದವಿಯು ರೈಲಿನ ಟಿಕೀಟಿನೊಡನೆ ದೊರೆಯುವುದೆಂದು ಯಾವ ಭಾಷ್ಯಕಾರರೂ ಬರೆದಂತಿಲ್ಲವಾದುದರಿಂದ, ಪ್ರವಾಸಿಕನು ಇಲ್ಲಿ ನಿಶ್ಚಿಂತೆಯಿಂದ ಉಣ್ಣಬಹುದು. ಉಂಡಮೇಲೆ, ಮನಸ್ಸಿದ್ದರೆ, ತಟ್ಟೆ ತೊಳೆಯುವವರ ಸಾಲಿನಲ್ಲಿ ನಿಲ್ಲುವುದಕ್ಕೂ ಅಡ್ಡಿಯಿಲ್ಲ.