ಎಲ್ಲ ಪಟ್ಟಿಗಳನ್ನೂ ಒಳಗೊಂಡ ಪಟ್ಟಿಯುಂಟೆ?

ಸತ್ಯವೊಂದೇ, ಅದರ ದಾರಿಗಳು ಹಲವು ಎಂಬ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ಆದರೆ ಆ ಮಾತನ್ನಾಡುವವನು ತಾನು ಎಲ್ಲಿ ನಿಂತು ಎಲ್ಲ ದಾರಿಗಳನ್ನೂ ಕಾಣುತ್ತಿದ್ದಾನೆಂದು ಕೇಳಿಕೊಳ್ಳುವುದು ಅಪೂರ್ವ. ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ನನ್ನ ಮುಂದಿಟ್ಟದ್ದು ಗಣಕಜಾಲದ ಸಂದೇಶಗಳಿಗೆ ದಾರಿ ತೋರುವ ರೂಟರ್ ಎಂಬ ಯಂತ್ರದ ಅಂತರ್ವ್ಯವಸ್ಥೆ.

ಯಾವ ವಿಳಾಸದ ಪ್ಯಾಕೆಟ್, ಎಂದರೆ ಸಂದೇಶದ ತುಣುಕು, ಯಾವ ಬಾಗಿಲಿನಿಂದ ಹೊರಡತಕ್ಕದ್ದೆಂಬುದನ್ನು ರೂಟರ್ ರೂಟಿಂಗ್ ಟೇಬಲ್ ಎಂಬ ತನ್ನ ದಾರಿಪಟ್ಟಿಯನ್ನು ನೋಡಿ ನಿರ್ಣಯಿಸುತ್ತದೆ. ಒಂದು ಬ್ಯಾಂಕು, ಒಂದು ಆಸ್ಪತ್ರೆ, ಒಂದು ಸರಕಾರಿ ಕಚೇರಿ, ಈ ಮೂರರ ಸಂಚಾರವನ್ನೂ ಒಂದೇ ಯಂತ್ರ ಹೊರಬೇಕಾದಾಗ ಅದರೊಳಗೆ ಪರಸ್ಪರ ಕಾಣದ ಮೂರು ಟೇಬಲ್‌ಗಳನ್ನು ಕಲ್ಪಿಸುತ್ತಾರೆ. ಆ ಕಸುಬಿನವರು ವಿಆರ್‌ಎಫ್ ಎನ್ನುವುದು ಇದನ್ನೇ. ಖಾಸಗಿ ಬಳಕೆಗೆಂದು 1996ರ ನಿಯಮದಲ್ಲಿ ಮೀಸಲಾದ ವಿಳಾಸಗಳನ್ನು ಲೋಕದ ಸಂಸ್ಥೆಗಳೆಲ್ಲ ತಮ್ಮ ತಮ್ಮೊಳಗೆ ಬಳಸುವುದರಿಂದ, 10.0.0.1 ಎಂಬ ವಿಳಾಸ ಬ್ಯಾಂಕಿನಲ್ಲಿಯೂ ಇರಬಹುದು, ಆಸ್ಪತ್ರೆಯಲ್ಲಿಯೂ ಇರಬಹುದು. ಅದು ತೋರಿಸುವ ಯಂತ್ರ ಒಂದರಲ್ಲಿ ಬೇರೆ, ಇನ್ನೊಂದರಲ್ಲಿ ಬೇರೆ, ಆದರೂ ಎರಡೂ ತಮ್ಮ ಕಕ್ಷೆಯಲ್ಲಿ ಯಥಾರ್ಥ. ಜೈಮಿನಿ ಭಾರತದ ಲಕ್ಷ್ಮೀಶ ಕವಿ ತನ್ನ ಅಂಕಿತದಲ್ಲಿ ಸ್ಮರಿಸುವ ದೇವಪುರವನ್ನು ಕಡೂರು ಸೀಮೆಯವರು ತಮ್ಮ ದೇವನೂರೆಂದೂ ಸುರಪುರ ಸೀಮೆಯವರು ತಮ್ಮ ದೇವಾಪುರವೆಂದೂ ಭಕ್ತಿಯಿಂದ ಓದಿಕೊಳ್ಳುವಾಗ, ವಿದ್ವಾಂಸರ ತೀರ್ಪು ಏನೇ ಇರಲಿ, ಒಂದೇ ಹೆಸರು ಎರಡು ಊರುಗಳಿಗೆ ಕವಿಯನ್ನು ತಲುಪಿಸುತ್ತಿರುವುದು ಮಾತ್ರ ನಿಜ.

ಪ್ಯಾಕೆಟ್ ತನ್ನ ಟೇಬಲನ್ನು ತಾನು ಆರಿಸಿಕೊಳ್ಳದು; ಅದು ಒಳಬಂದ ಬಾಗಿಲು, ಎಂದರೆ ಇಂಟರ್‌ಫೇಸ್, ಯಾವ ವಿಆರ್‌ಎಫ್‌ಗೆ ಸೇರಿದೆಯೋ ಅದೇ ಅದರ ಲೋಕ. ಮನುಷ್ಯನ ಜನ್ಮವೂ ಹೀಗೆಯೇ ಅಲ್ಲವೆ? ಸಿಸ್ಕೋ ರೂಟರ್‌ಗಳಲ್ಲಿ ವಿಳಾಸವಿದ್ದ ಇಂಟರ್‌ಫೇಸೊಂದನ್ನು ಹೊಸದಾಗಿ ವಿಆರ್‌ಎಫ್‌ಗೆ ಸೇರಿಸಿದರೆ ಅದರ ಹಳೆಯ ಐಪಿ ವಿಳಾಸ ಅಳಿಸಿಹೋಗುತ್ತದೆ, ಮತ್ತೆ ಕೊಡಬೇಕಾಗುತ್ತದೆ. ಸಂನ್ಯಾಸ ಸ್ವೀಕರಿಸುವವನು ಪೂರ್ವಾಶ್ರಮದ ನಾಮವನ್ನು ತ್ಯಜಿಸುವ ಪದ್ಧತಿಯ ಗಾಂಭೀರ್ಯ ಇದನ್ನು ಅರಿತ ಮೇಲೆ ನನಗೆ ಇಮ್ಮಡಿಯಾಗಿ ತೋರಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಟೇಬಲ್‌ಗಳಲ್ಲದೆ ರೂಟರಿನಲ್ಲಿ ಗ್ಲೋಬಲ್ ಟೇಬಲ್ ಎಂಬುದೊಂದಿದೆ. ಹೆಸರನ್ನು ಕೇಳಿದವನು ಅದು ಉಳಿದೆಲ್ಲವನ್ನೂ ಒಳಗೊಂಡ ಮಹಾಪಟ್ಟಿಯೆಂದು ಭಾವಿಸುವನು. ವಸ್ತುತಃ ಅದೂ ಉಳಿದವುಗಳಂತೆಯೇ ಒಂದು ಟೇಬಲ್, ವಿಆರ್‌ಎಫ್‌ಗಳೊಳಗಿನ ದಾರಿಗಳು ಅದಕ್ಕೆ ಕಾಣವು. ವಿಆರ್‌ಎಫ್‌ನ ಹೆಸರನ್ನು ಹೇಳದೆ ಪಿಂಗ್ ಎಂಬ ಪರೀಕ್ಷಾ ಸಂದೇಶವನ್ನು ಕಳುಹಿಸಿದವನಿಗೆ ಗ್ಲೋಬಲ್ ಟೇಬಲಿನಿಂದ ಉತ್ತರ ಬಾರದಿದ್ದಾಗ, ತಂತಿ ಸತ್ತಿದೆಯೆಂದು ಅವನು ನಿರ್ಣಯಿಸಿಬಿಡುತ್ತಾನೆ. ಅದೇ ಕ್ಷಣದಲ್ಲಿ ಅದೇ ತಂತಿಯ ಮೇಲೆ ಆಸ್ಪತ್ರೆಯ ಸಂದೇಶ ನಿರ್ವಿಘ್ನವಾಗಿ ಸಾಗುತ್ತಿರುತ್ತದೆ. ಪರಧರ್ಮದಲ್ಲಿ ದೇವರಿಗೆ ದಾರಿಯಿಲ್ಲವೆಂದು ಸಾರಿದವರಲ್ಲಿ ಎಷ್ಟು ಮಂದಿ ಆ ಧರ್ಮದ ಒಳಗೆ ನಿಂತು ಕೇಳಿದ್ದರು? ಆದರೆ ಎಲ್ಲವೂ ಒಂದೇ ಎನ್ನುವ ಉದಾರಿಯೂ ಇದೇ ಭ್ರಮೆಯಲ್ಲಿದ್ದಾನೆಂಬುದು ನನ್ನ ದೃಢವಾದ ಅಭಿಪ್ರಾಯ: ತಾನು ಸರ್ವವನ್ನೂ ಕಾಣುವ ಎತ್ತರದಲ್ಲಿದ್ದೇನೆಂದು ಅವನು ನಂಬಿದ್ದಾನೆ, ನಿಂತಿರುವುದಾದರೋ ಮತ್ತೊಂದು ಪಟ್ಟಿಯಲ್ಲಿ.

ವ್ಯಾವಹಾರಿಕ ಭೇದಗಳ ಹಿಂದೆ ಪಾರಮಾರ್ಥಿಕ ಐಕ್ಯವಿಲ್ಲವೆ ಎಂದು ಅದ್ವೈತಿ ಕೇಳಬಹುದು. ಇದೆ, ಯಂತ್ರ ಒಂದೇ, ಟೇಬಲ್‌ಗಳೆಲ್ಲ ಅದರ ಆಶ್ರಯದಲ್ಲಿಯೇ ಇವೆ, ಎಲ್ಲವನ್ನೂ ತೆರೆದು ಓದಬಲ್ಲ ಆಡಳಿತಗಾರನೂ ಇದ್ದಾನೆ. ಆದರೆ ಅವನು ಪ್ಯಾಕೆಟ್ಟಾಗಿ ಸಂಚರಿಸುವವನಲ್ಲ, ಮತ್ತು ಸಂಚರಿಸುವ ಪ್ಯಾಕೆಟ್ಟಿಗೆ ಯಂತ್ರವೆಂಬ ಆ ಅಧಿಷ್ಠಾನ ದೊರೆಯುವುದು ಯಾವುದೋ ಒಂದು ಟೇಬಲಿನ ಮೂಲಕವೇ. ಈಶ್ವರನ ದೃಷ್ಟಿಯನ್ನು ಪಥಿಕನು ತನ್ನದೆಂದು ಹೇಳಿಕೊಳ್ಳುವುದು ವಿನಯವಲ್ಲ.

ಹಾಗಾದರೆ ಟೇಬಲ್‌ಗಳು ಎಂದೆಂದಿಗೂ ಪರಸ್ಪರ ಅಪರಿಚಿತವೆ? ಜಾಲತಂತ್ರಜ್ಞರಾದ ಎರಿಕ್ ರೋಸೆನ್ ಮತ್ತು ಯಾಕೊವ್ ರೆಕ್ಟರ್ 1999ರಲ್ಲಿ ಪ್ರಕಟಿಸಿದ, 2006ರಲ್ಲಿ ಪರಿಷ್ಕೃತವಾದ ವಿಧಾನದಲ್ಲಿ ಇದಕ್ಕೆ ಅತಿ ಸುಂದರವಾದ ಉತ್ತರವಿದೆ. ಪ್ರತಿಯೊಂದು ದಾರಿಯ ವಿಳಾಸದ ಆರಂಭದಲ್ಲಿ 64 ಬಿಟ್‌ಗಳ ರೂಟ್ ಡಿಸ್ಟಿಂಗ್ವಿಷರ್ ಎಂಬ ಗುರುತು ಸೇರುತ್ತದೆ. ಒಂದೇ ವಿಳಾಸದ ಎರಡು ದಾರಿಗಳು ಕಲೆತುಹೋಗದಂತೆ ಅದು ಕಾಯುತ್ತದೆ. ಆ ದಾರಿಯನ್ನು ಯಾವ ಟೇಬಲ್‌ಗಳು ಬರಮಾಡಿಕೊಳ್ಳಬಹುದೆಂಬುದನ್ನು ರೂಟ್ ಟಾರ್ಗೆಟ್ ಎಂಬ ಬೇರೆಯೇ ಗುರುತು ನಿರ್ಧರಿಸುತ್ತದೆ. ತನ್ನತನ ಬೇರೆ, ಆತಿಥ್ಯ ಬೇರೆ. ಮೊದಲನೆಯದನ್ನು ಕಳೆದುಕೊಳ್ಳದೆಯೇ ಎರಡನೆಯದನ್ನು ನಡೆಸಬಹುದು, ಆದರೆ ಕೊಡುವವನು ಕೊಡಬೇಕು, ಕೊಳ್ಳುವವನು ಮನಃಪೂರ್ವಕ ಕೊಳ್ಳಬೇಕು.

ಇಂಥ ಆತಿಥ್ಯಕ್ಕೆ ನಿದರ್ಶನ ಬೇಕಾದರೆ, ದೇವಾಪುರವಿರುವ ಸುರಪುರ ಸೀಮೆಯಲ್ಲಿಯೇ, ಕೃಷ್ಣಾ ತೀರದ ತಿಂಥಣಿಯಲ್ಲಿ ಮೌನೇಶ್ವರರ ಸನ್ನಿಧಿಯಿದೆ. ದೇವರಗೋನಾಲದಲ್ಲಿ ಜನಿಸಿದರೆಂದು ಪ್ರಸಿದ್ಧರಾದ ಈ ಸಂತರಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಭಕ್ತರ ಜಯಘೋಷದಲ್ಲಿ ಪೀರನೆಂಬ ಮಾತೂ ಮೌನೇಶ್ವರನೆಂಬ ನಾಮವೂ ಒಟ್ಟಿಗೆ ಕೇಳಿಬರುತ್ತವೆ. ಅಲ್ಲಿಗೆ ಬರುವ ಹಿಂದೂ ಹಿಂದೂವಾಗಿಯೇ ಮನೆಗೆ ಮರಳುತ್ತಾನೆ, ಮುಸಲ್ಮಾನನು ಮುಸಲ್ಮಾನನಾಗಿಯೇ. ಇಬ್ಬರನ್ನೂ ಕಲೆಸಿ ಮೂರನೆಯ ಮತವನ್ನು ಮಾಡಬೇಕೆಂದು ಯಾರಿಗೂ ತೋರಿಲ್ಲ. ಒಬ್ಬನ ದಾರಿಯನ್ನು ಇನ್ನೊಬ್ಬನು ತನ್ನ ಪಟ್ಟಿಯಲ್ಲಿ ಗೌರವದಿಂದ ಬರೆದುಕೊಂಡಿದ್ದಾನೆ, ಅಷ್ಟೆ.

ಸರ್ವಧರ್ಮ ಸಮನ್ವಯವನ್ನು ಕುರಿತು ಭಾಷಣ ಸಿದ್ಧಪಡಿಸುವ ಮಹನೀಯರು ಅದಕ್ಕೆ ಮೊದಲು ತಿಂಥಣಿಗೆ ಹೋಗಿ, ತಮ್ಮದಲ್ಲದ ಮತದ ಒಬ್ಬ ಭಕ್ತನ ಬಳಿ ಕುಳಿತು, ಅವನು ಯಾವ ದಾರಿಯಿಂದ ಅಲ್ಲಿಗೆ ಬಂದನೆಂದು ಅವನ ಮಾತಿನಲ್ಲಿಯೇ ಕೇಳಿ ತಿಳಿಯಬೇಕೆಂದು ಬೇಡಿಕೊಳ್ಳುತ್ತೇನೆ.