ತನ್ನ ವಿಕೆಟ್ಟಿಗೆ ತಾನೇ ಸಾಕ್ಷಿ

ನಮ್ಮಂಥ ಹವ್ಯಾಸಿಗಳ ಕ್ರಿಕೆಟ್ಟಿನಲ್ಲಿ ಅಂಪೈರುಗಳನ್ನು ಹೊರಗಿನಿಂದ ಕರೆಸುವಷ್ಟು ದುಡ್ಡಿರುವುದಿಲ್ಲ. ಬ್ಯಾಟಿಂಗ್ ತಂಡದವರೇ ಇಬ್ಬರು ಹೋಗಿ ನಿಲ್ಲುತ್ತಾರೆ: ಆಗಷ್ಟೇ ಔಟಾಗಿ ಪ್ಯಾಡ್ ಬಿಚ್ಚಿದವನೊಬ್ಬ, ಕೊನೆಯಲ್ಲಿ ಆಡಬೇಕಾದವನೊಬ್ಬ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂದು ವಾರವೆಲ್ಲ ಕಾನೂನು ಕಾಲೇಜಿನಲ್ಲಿ ಪಾಠ ಮಾಡಿ, ಭಾನುವಾರ ಆ ಸೂತ್ರವನ್ನು ಪೂರ್ತಿ ಮರೆತ ಆಟವೊಂದನ್ನು ನಾನು ಬಹಳ ವರ್ಷ ಆಡಿದ್ದೇನೆ. ಅದು ಹೇಗೆ ನಡೆಯುತ್ತದೆ, ಯಾಕೆ ಕುಸಿದುಬೀಳುವುದಿಲ್ಲ ಎಂಬ ಪ್ರಶ್ನೆ ನನಗೆ ಕ್ರಿಕೆಟ್ಟಿನ ಪ್ರಶ್ನೆಯಷ್ಟೇ ಅಲ್ಲ, ಧರ್ಮದ ಪ್ರಶ್ನೆ.

ವಕೀಲರ ಸಂಘದ ತಂಡದ ಮೇಲೆ ಆಡಿದ ಒಂದು ಪಂದ್ಯವನ್ನು ಹೇಳಬೇಕು. ಬ್ಯಾಟಿಂಗಿನಲ್ಲಿದ್ದವರು ಹಿರಿಯ ಕ್ರಿಮಿನಲ್ ವಕೀಲರು; ಅಂಪೈರಾಗಿ ನಿಂತವನು ಅವರದೇ ಕಚೇರಿಯ ಜೂನಿಯರ್. ನಾನು ಮೊದಲ ಸ್ಲಿಪ್ಪಿನಲ್ಲಿದ್ದೆ. ಆಫ್ ಸ್ಟಂಪಿನ ಹೊರಗಿನ ಚೆಂಡು ಬ್ಯಾಟಿನ ಅಂಚನ್ನು ಕೂದಲೆಳೆಯಷ್ಟು ಸವರಿ ಕೀಪರನ ಕೈ ಸೇರಿತು. ಕೀಪರ್ ಅಪೀಲ್ ಮಾಡಿದ. ಹುಡುಗ ಕ್ಷಣ ಯೋಚಿಸಿ ತಲೆ ಅಲ್ಲಾಡಿಸಿದ. ಅಷ್ಟರಲ್ಲಿ ವಕೀಲರು ಗ್ಲೌಸ್ ಕಳಚುತ್ತ ಹೊರಟಿದ್ದರು.

"ಸರ್, ನಾನು ನಾಟ್ ಔಟ್ ಕೊಟ್ಟಿದ್ದೀನಿ."

"ಸರಿಯಾಗೇ ಕೊಟ್ಟೆ ಕಣಪ್ಪ. ನಿನಗೆ ಕೇಳಿಸಲಿಲ್ಲ. ನನಗೆ ಕೈಗೆ ಗೊತ್ತಾಯ್ತು."

ಇಬ್ಬರೂ ಸರಿ. ಕಾಣದ್ದನ್ನು, ಕೇಳದ್ದನ್ನು ಹುಡುಗ ಊಹಿಸಿ ಹೇಳಲಿಲ್ಲ. ಸಂಶಯದ ಲಾಭವನ್ನು ಆಟಗಾರನಿಗೆ ಕೊಟ್ಟ. ಆದರೆ ತೆಳ್ಳಗೆ ತಾಗಿದ ಚೆಂಡಿನ ಸಣ್ಣ ನಡುಕ ಹಿಡಿಯ ಮೂಲಕ ಅಂಗೈಗೆ ಬರುತ್ತದೆ. ಆ ಸಾಕ್ಷ್ಯ ಇಡೀ ಮೈದಾನದಲ್ಲಿ ಒಬ್ಬನ ಬಳಿ ಮಾತ್ರ ಇರುತ್ತದೆ.

ಊಟದ ಹೊತ್ತಿಗೆ ನಮ್ಮ ತಂಡದಲ್ಲಿದ್ದ ವಿದ್ಯಾರ್ಥಿಯೊಬ್ಬ ವಾದಕ್ಕಿಳಿದ. "ಸರ್, ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲ ಅಂತ ನೀವೇ ಪಾಠ ಮಾಡಿದ್ದೀರಿ. ಬ್ಯಾಟ್ಸ್‌ಮನ್ ಮಾತ್ರ ಯಾಕೆ ಹೇಳ್ಬೇಕು?" ಒಳ್ಳೆಯ ಪ್ರಶ್ನೆ. ಸಂವಿಧಾನದ 20(3)ನೇ ವಿಧಿ ಆ ರಕ್ಷಣೆ ಕೊಡುತ್ತದೆ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, 2010ರಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವುದು ಈ ವಿಧಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪನ್ನು ನಾನು ಮನಸಾರೆ ಒಪ್ಪುತ್ತೇನೆ. ಠಾಣೆಯಲ್ಲಿ ಒಂಟಿಯಾಗಿ ಕುಳಿತವನ ಎದುರು ಇಡೀ ಸರ್ಕಾರ ನಿಂತಿರುತ್ತದೆ. ಅವನ ಮೌನಕ್ಕೆ ಕಾವಲು ಬೇಕೇ ಬೇಕು. ಆದರೆ ವಿಧಿ ತಡೆಯುವುದು ಬಲವಂತವನ್ನು, ಸತ್ಯವನ್ನಲ್ಲ. ಭಾನುವಾರದ ಮೈದಾನದಲ್ಲಿ ಬಲವಂತ ಮಾಡುವವರು ಯಾರಿದ್ದಾರೆ? ಲಾಠಿಯಿಲ್ಲ, ಸೆರೆಮನೆಯಿಲ್ಲ. ಹೆದರಲು ಕಾರಣವೇ ಇಲ್ಲದ ಕಡೆ ಬಾಯಿ ಮುಚ್ಚಿಕೊಂಡರೆ ಆ ಮೌನ ಹಕ್ಕಿನ ಮೌನವಲ್ಲ.

ಅದೇ ಹುಡುಗನಿಗೆ 1872ರ ಸಾಕ್ಷ್ಯ ಅಧಿನಿಯಮದ 106ನೇ ಕಲಮನ್ನೂ ನೆನಪಿಸಿದೆ. ಒಬ್ಬನಿಗೆ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ರುಜುವಾತು ಮಾಡುವ ಹೊಣೆ ಅವನದೇ. ಅಲ್ಲಿ ಕೊಟ್ಟ ಉದಾಹರಣೆ ರೈಲಿನದು: ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದನೆಂಬ ಆರೋಪವಿದ್ದರೆ, ಟಿಕೆಟ್ ಇತ್ತೆಂದು ತೋರಿಸಬೇಕಾದವನು ಪ್ರಯಾಣಿಕ. ಅದರ ಜಾಗಕ್ಕೆ ಬಂದ ಹೊಸ ಅಧಿನಿಯಮದಲ್ಲೂ ಈ ತತ್ವ ಉಳಿದಿದೆ. ಕ್ರಿಕೆಟ್ಟಿನ ನಿಯಮ ಇನ್ನೂ ಸೂಕ್ಷ್ಮ. ಎದುರಾಳಿಗಳು ಅಪೀಲ್ ಮಾಡದಿದ್ದರೆ ಅಂಪೈರ್ ಔಟ್ ಕೊಡುವಂತಿಲ್ಲ. ಆದರೆ ಔಟಾದವನು ಅಪೀಲಿಗೆ ಕಾಯದೆ ತಾನಾಗಿ ಹೊರಡುವುದಕ್ಕೆ ಅಡ್ಡಿಯಿಲ್ಲ ಎಂದು 31ನೇ ನಿಯಮವೇ ಹೇಳುತ್ತದೆ. ತೀರ್ಪಿಗಿಂತ ಮೊದಲೇ 'ಔಟ್' ಎಂಬ ಸಂಗತಿಯೊಂದು ಇದೆಯೆಂದು ನಿಯಮ ಬರೆದವರು ಒಪ್ಪಿದ್ದಾರೆ.

ಎಚ್.ಎಲ್.ಎ. ಹಾರ್ಟ್ 1961ರ ತಮ್ಮ 'ದಿ ಕಾನ್ಸೆಪ್ಟ್ ಆಫ್ ಲಾ' ಗ್ರಂಥದಲ್ಲಿ ಆಟದ ದೃಷ್ಟಾಂತದಿಂದಲೇ ಇದನ್ನು ಬಿಡಿಸಿದ್ದಾರೆ. ಸ್ಕೋರರ್ ಹೇಳಿದ್ದೇ ಅಂತಿಮ ಎಂಬುದು ಬೇರೆ, ಸ್ಕೋರರ್ ಹೇಳಿದ್ದೇ ನಿಯಮ ಎಂಬುದು ಬೇರೆ. ಎರಡನೆಯದನ್ನು ಒಪ್ಪಿದರೆ ನಾವು ಆಡುತ್ತಿರುವ ಆಟವೇ ಬದಲಾಗಿಬಿಡುತ್ತದೆ. ತೀರ್ಪು ಅಂತಿಮವಾದರೂ ತಪ್ಪಾಗಿರಬಹುದು ಎಂಬ ಅರಿವು ಇದ್ದಾಗಲೇ ನ್ಯಾಯಾಲಯವನ್ನು ಟೀಕಿಸುವುದಕ್ಕೂ ಅರ್ಥ ಬರುತ್ತದೆ. ಮನುಸ್ಮೃತಿಯ ಬಹಳಷ್ಟು ಮಾತುಗಳನ್ನು ನಾನು ಒಪ್ಪುವವನಲ್ಲ. ಆದರೂ ಅದರ ಎಂಟನೇ ಅಧ್ಯಾಯದಲ್ಲಿ ಸಾಕ್ಷಿಗಳ ವಿಚಾರ ಬಂದಾಗ, ಯಾರೂ ನೋಡುತ್ತಿಲ್ಲವೆಂದು ಕೆಡುಕ ಭಾವಿಸಿದರೂ ಅವನೊಳಗಿನವನು ನೋಡುತ್ತಿರುತ್ತಾನೆ ಎಂಬ ಅರ್ಥದ ಮಾತಿದೆ. ಪಾಠ ಮಾಡುವಾಗಲೆಲ್ಲ ಅಲ್ಲಿ ನಾನು ಸ್ವಲ್ಪ ಹೊತ್ತು ನಿಂತಿದ್ದೇನೆ. ಹವ್ಯಾಸಿ ಆಟ ನಡೆಯುವುದೇ ಆ ಒಳಗಿನವನ ಭರವಸೆಯ ಮೇಲೆ.

ಆಟವೇ ಅನ್ನವಾದವರ ಮಾತು ಬೇರೆ. 2013ರಲ್ಲಿ ಟ್ರೆಂಟ್ ಬ್ರಿಜ್‌ನಲ್ಲಿ ಸ್ಟುವರ್ಟ್ ಬ್ರಾಡ್ ಚೆಂಡು ತಾಗಿಯೂ ಕದಲದೆ ನಿಂತಾಗ ಯಾವ ನಿಯಮವನ್ನೂ ಮುರಿಯಲಿಲ್ಲ. ತಪ್ಪಾಗಿ ಔಟ್ ಕೊಟ್ಟಾಗ ವಾಪಸು ಕರೆಯದ ವ್ಯವಸ್ಥೆಗೆ, ತಪ್ಪಾಗಿ ಉಳಿಸಿದಾಗ ಮಾತ್ರ ನಾನು ಯಾಕೆ ಋಣಿಯಾಗಿರಬೇಕು ಎಂದು ವೃತ್ತಿಪರರು ಕೇಳಿದರೆ ಅದು ಹಗುರವಾದ ವಾದವಲ್ಲ.

ವಾಪಸು ಕರೆದವರೂ ಇದ್ದಾರೆ, ಅವರು ನಮ್ಮ ಭದ್ರಾವತಿಯವರು. 1980ರ ಸುವರ್ಣ ಮಹೋತ್ಸವ ಟೆಸ್ಟ್, ಮುಂಬೈ. ಇಂಗ್ಲೆಂಡ್ 58ಕ್ಕೆ 5. ಬಾಬ್ ಟೇಲರ್‌ಗೆ ಅಂಪೈರ್ ಕ್ಯಾಚ್ ಔಟ್ ಕೊಟ್ಟಾಗಿತ್ತು. ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ನಾಯಕ ಗುಂಡಪ್ಪ ವಿಶ್ವನಾಥ್ ಟೇಲರ್‌ರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು.

ನನ್ನನ್ನು ಹೆಚ್ಚು ಕಾಡುವುದು ಇದೇ. ನಮ್ಮ ವಕೀಲರು ಬಿಟ್ಟುಕೊಟ್ಟದ್ದು ತಮ್ಮ ವಿಕೆಟ್ಟನ್ನು; ವಿಶ್ವನಾಥ್ ಪಣಕ್ಕಿಟ್ಟದ್ದು ಹನ್ನೊಂದು ಜನರ ಪಂದ್ಯವನ್ನು. ಕಕ್ಷಿಗಾರನ ಹಕ್ಕನ್ನು ತನ್ನ ಆತ್ಮಸಾಕ್ಷಿಗಾಗಿ ಬಿಟ್ಟುಕೊಡುವ ಅಧಿಕಾರ ವಕೀಲನಿಗಿಲ್ಲ. ನಾಯಕನಿಗೆ ಇದೆಯೇ? ಇದೆ ಎಂದೇ ನನ್ನ ನಂಬಿಕೆ. ಅಪೀಲನ್ನು ಹಿಂತೆಗೆದುಕೊಳ್ಳಲು ಅಂಪೈರನ ಒಪ್ಪಿಗೆ ಪಡೆದು ಮುಂದಾಗುವ ಅಧಿಕಾರವನ್ನು ನಿಯಮ ಕೊಟ್ಟಿರುವುದು ನಾಯಕನೊಬ್ಬನಿಗೇ. ಅಲ್ಲದೆ, ಟೇಲರ್ ಬ್ಯಾಟಿಗೆ ತಾಗದ ಚೆಂಡಿನಿಂದ ಬಂದ ಆ ವಿಕೆಟ್ ಉಳಿದ ಹತ್ತು ಜನರ ಆಸ್ತಿಯೂ ಆಗಿರಲಿಲ್ಲ.