ಎಲೆಗೂ ಕರುವಿಗೂ ತೋಳಿಗೂ

ಮಂಜು ಕವಿದ ದಿನಗಳಲ್ಲಿ ಕೂಕಲ್ತೊರೈಯಂಥ ಊರಿನಲ್ಲಿ ಒಗೆದ ಬಟ್ಟೆ ಬೇಗ ಆರುವುದಿಲ್ಲ. ನೀಲಗಿರಿಯ ಕೋತಗಿರಿ ಕಡೆಯ ಈ ಊರಿನ ಇಳಿಜಾರುಗಳಲ್ಲಿ ಚಹಾ ಇದೆ, ಕ್ಯಾರೆಟ್, ಆಲೂಗಡ್ಡೆ, ಕೋಸು ಇದೆ. ಗೇಯುವವರಿಗೆ ಮಳೆ ಬಂತೆಂದು ಬಿಡುವಿಲ್ಲ. ಎಲೆ ಕೀಳುವ ಹೆಂಗಸರು ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಒದ್ದೆ ಗಿಡಗಳ ನಡುವೆ ಹಗಲಿಡೀ ನಿಲ್ಲುತ್ತಾರೆ. ಹಾಳೆಯ ಒಳಗೆ ಬೆವರು, ಬೂಟಿನ ಒಳಗೆ ನೀರು. ಬೆರಳ ಸಂದಿ ಬೆಳ್ಳಗೆ ಸುಲಿದು ಉರಿಯುತ್ತದೆ. ತೊಡೆಸಂದಿಯಲ್ಲಿ, ಸೊಂಟದ ಪಟ್ಟಿಯಲ್ಲಿ ಹುಳಕಡ್ಡಿ ಏಳುತ್ತದೆ. ನಾಚಿಕೆಯಿಂದ ತಿಂಗಳುಗಟ್ಟಲೆ ಯಾರಿಗೂ ಹೇಳುವುದಿಲ್ಲ. ಶಿಲೀಂಧ್ರಕ್ಕೆ ಬೇಕಾದದ್ದು ಈ ತೇವ, ಈ ಬಿಸುಪು, ಈ ಮೌನ.

ಚಹಾ ಬೆಳೆಗಾರರಿಗೆ ಶಿಲೀಂಧ್ರ ಹೊಸದಲ್ಲ. ಎಳೆಯ ಎಲೆಯನ್ನು ಬೆಳಕಿಗೆ ಹಿಡಿದರೆ ಮೊದಲು ಬೆಳಕು ತೂರುವ ಒಂದು ಚುಕ್ಕೆ ಕಾಣುತ್ತದೆ. ದಿನ ಕಳೆದಂತೆ ಆ ಜಾಗ ಎಲೆಯ ಮೇಲ್ಬದಿಯಲ್ಲಿ ತಗ್ಗಾಗಿ ಕೆಳಬದಿಯಲ್ಲಿ ಉಬ್ಬುತ್ತದೆ, ಉಬ್ಬಿದ ಕಡೆ ಬೆಳ್ಳಗೆ ಬೀಜಕಣಗಳು ಮೂಡುತ್ತವೆ. ಇದು ಗುಳ್ಳೆ ರೋಗ. ಅಸ್ಸಾಮಿನಲ್ಲಿ 1868ರಲ್ಲಿ ಕಂಡದ್ದು ದಕ್ಷಿಣ ಭಾರತದ ತೋಟಗಳಿಗೆ 1946ರಲ್ಲಿ ಬಂತು. ಬಲಿತ ಎಲೆಯ ತಂಟೆಗೆ ಅದು ಹೋಗುವುದಿಲ್ಲ; ಹಿಡಿಯುವುದು ಕೊಯ್ಯಬೇಕಾದ ಎಳೆ ಕುಡಿಯನ್ನೇ. ಆದ್ದರಿಂದ ಮಳೆಗಾಲವಿಡೀ ಮತ್ತೆ ಮತ್ತೆ ಮದ್ದು ಹೊಡೆಯಬೇಕು: ಕಾಪರ್ ಆಕ್ಸಿಕ್ಲೋರೈಡ್, ಅದರ ಜೊತೆಗೆ ಹೆಕ್ಸಾಕೊನಜೋಲ್ ಅಥವಾ ಪ್ರೊಪಿಕೊನಜೋಲ್. ಕೊನೆಯ ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ.

ಇನ್ನು ಕೊಟ್ಟಿಗೆ. ಇಲ್ಲಿನ ಬಡಗ ಸಮುದಾಯದವರ ಹಳೆಯ ಮನೆಗಳಲ್ಲಿ ಹಾಲಿಗೆಂದೇ ಒಂದು ಒಳಕೋಣೆ ಮೀಸಲಿರುತ್ತಿತ್ತು. ಎಮ್ಮೆ, ಹಸುಗಳ ಜೊತೆ ಈ ಬೆಟ್ಟದವರ ಬಾಳು ಅಷ್ಟು ಹೆಣೆದುಕೊಂಡಿತ್ತು. ಇಂದಿಗೂ ಹಸು ಕಟ್ಟಿದ ಮನೆಗಳಲ್ಲಿ ಕರುವಿನ ಕಣ್ಣಿನ ಸುತ್ತ, ಕಿವಿಯ ಬುಡದಲ್ಲಿ, ಕುತ್ತಿಗೆಯ ಮೇಲೆ ಕೂದಲುದುರಿ ಬೂದುಬಣ್ಣದ ದಪ್ಪ ಹಕ್ಕಳೆ ಕಟ್ಟಿರುವುದನ್ನು ನೋಡಬಹುದು. ಬಹುಪಾಲು ಇದು ಟ್ರೈಕೊಫೈಟಾನ್ ವೆರುಕೋಸಮ್ ಎಂಬ ಶಿಲೀಂಧ್ರದ ಕೆಲಸ. ಕರುವಿನ ಜೀವಕ್ಕೆ ಕುತ್ತಿಲ್ಲ, ಕೆಲವು ತಿಂಗಳಲ್ಲಿ ತಾನಾಗಿಯೇ ಮಾಯುತ್ತದೆ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಉದುರಿದ ಹಕ್ಕಳೆಯ ಬೀಜಕಣಗಳು ಕೊಟ್ಟಿಗೆಯ ಕಂಬದಲ್ಲಿ, ಗೋದಲಿಯ ಹಲಗೆಯಲ್ಲಿ ವರ್ಷಗಟ್ಟಲೆ ಬದುಕಿರಬಲ್ಲವು. ಹಾಲು ಕುಡಿಯುವ ಕರುವನ್ನು ತೋಳಿನಿಂದ ತಬ್ಬಿ ಎಳೆದು ಕಟ್ಟುವವಳ ಮುಂಗೈ ಮೇಲೆ ಸ್ವಲ್ಪ ದಿನದಲ್ಲಿ ಕೆಂಪು ಉಂಗುರ ಏಳುತ್ತದೆ. ಬೆಕ್ಕಿನ ಮರಿಯನ್ನು ಮಡಿಲಲ್ಲಿಟ್ಟುಕೊಂಡ ಮಗುವಿನ ತಲೆಗೆ ಹತ್ತುವುದು ಇನ್ನೊಂದು, ಮೈಕ್ರೊಸ್ಪೋರಮ್ ಕೇನಿಸ್.

ಉಂಗುರ ಎದ್ದವರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಅಲ್ಲಿ ಕೈಗೆ ಬರುವ ಟ್ಯೂಬಿನಲ್ಲಿ ಶಿಲೀಂಧ್ರದ ಮದ್ದಿನ ಜೊತೆಗೆ ಬಲವಾದ ಸ್ಟೀರಾಯ್ಡ್ ಬೆರೆತಿರುವುದೇ ಹೆಚ್ಚು. ಹಚ್ಚಿದ ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ಟ್ಯೂಬು ಮೂಲೆ ಸೇರುತ್ತದೆ. ಇಳಿದದ್ದು ಚರ್ಮದ ಪ್ರತಿರೋಧ. ಶಿಲೀಂಧ್ರ ಅಲ್ಲೇ ಇದ್ದು, ಕೇಳುವವರಿಲ್ಲದೆ ಹಬ್ಬುತ್ತದೆ. ಆಮೇಲೆ ಡಾಕ್ಟರು ನೋಡಿದರೂ ಉಂಗುರದ ಅಂಚು ಮಾಸಿಹೋಗಿ ಗುರುತು ಹತ್ತುವುದು ಕಷ್ಟ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಎಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಕೇಳುವ ಅಂಗಡಿಗಳು ನಮ್ಮಲ್ಲಿ ಎಷ್ಟಿವೆ? 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ಎಷ್ಟು ಜನರ ಕಣ್ಣನ್ನು, ಜೀವವನ್ನು ತೆಗೆದುಕೊಂಡಿತೆಂದು ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಅಲ್ಲಿಯೂ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಅಳತೆ ಮೀರಿದ ಸ್ಟೀರಾಯ್ಡ್ ಅದಕ್ಕೆ ದಾರಿ ಮಾಡಿಕೊಟ್ಟಿದ್ದವು.

ಶಿಲೀಂಧ್ರದ ಮದ್ದುಗಳು ಇರುವುದೇ ಬೆರಳೆಣಿಕೆಯಷ್ಟು. ಜೀವವೃಕ್ಷದಲ್ಲಿ ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರ. ಅವನ್ನು ಕೊಲ್ಲುವುದು ಸುಲಭವಾಗಿ ನಮ್ಮ ಜೀವಕೋಶಕ್ಕೂ ತಾಗುತ್ತದೆ. ನಮಗೂ ಅವಕ್ಕೂ ಇರುವ ಕೆಲವೇ ವ್ಯತ್ಯಾಸಗಳಲ್ಲಿ ಒಂದು, ಅವುಗಳ ಕೋಶದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್. ಅದು ತಯಾರಾಗದಂತೆ ತಡೆಯುವುದು ಅಜೋಲ್ ಗುಂಪಿನ ಮದ್ದು: ಕ್ಲೋಟ್ರಿಮಜೋಲ್ ಮುಲಾಮು, ಫ್ಲುಕೊನಜೋಲ್, ಇಟ್ರಾಕೊನಜೋಲ್ ಮಾತ್ರೆ. ಚಹಾ ಗಿಡಕ್ಕೆ ಹೊಡೆದ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ಕೂಡ ಇದೇ ಗುಂಪಿನವು. ತಡೆಯುವುದೂ ಎರ್ಗೊಸ್ಟೆರಾಲ್ ತಯಾರಿಸುವ ಅದೇ ಕಿಣ್ವವನ್ನು. ಹೊಲದಲ್ಲಿ ಹೊಡೆದದ್ದು ಎಲೆಯಿಂದ ಮಣ್ಣಿಗೆ ಇಳಿಯುತ್ತದೆ. ಆ ಮಣ್ಣಿನಲ್ಲೇ ಬದುಕುವ, ಮನುಷ್ಯನ ಶ್ವಾಸಕೋಶಕ್ಕೆ ಎರಗಬಲ್ಲ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಈ ಮದ್ದಿಗೆ ಒಗ್ಗಿಕೊಳ್ಳುತ್ತಿದೆ. ದಿಲ್ಲಿಯ ವಲ್ಲಭಭಾಯ್ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭತ್ತದ ಗದ್ದೆ, ಹೂವಿನ ಕುಂಡ, ಚಹಾ ತೋಟದ ಮಣ್ಣುಗಳನ್ನು ಪರೀಕ್ಷಿಸಿ, ಅಜೋಲ್‌ಗೆ ಬಗ್ಗದ ತಳಿ ನಮ್ಮ ದೇಶದ ಪರಿಸರದಲ್ಲಿ ಹರಡಿರುವುದನ್ನು ತೋರಿಸಿದರು. ಚರ್ಮದ ಕತೆಯೂ ಬೇರೆಯಲ್ಲ. ಟರ್ಬಿನಾಫಿನ್ ಮಾತ್ರೆಗೆ ಜಗ್ಗದ ಹುಳಕಡ್ಡಿ ಭಾರತದಲ್ಲಿ ಹಬ್ಬಿ, 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರು ಪಡೆದು, 2023ರ ಹೊತ್ತಿಗೆ ನ್ಯೂಯಾರ್ಕಿನ ವೈದ್ಯರ ಮುಂದೆಯೂ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಅಪಾಯಕಾರಿ ಶಿಲೀಂಧ್ರಗಳ ಮೊದಲ ಪಟ್ಟಿಯನ್ನು ಹೊರತಂದದ್ದೇ 2022ರಲ್ಲಿ, 19 ಹೆಸರುಗಳೊಂದಿಗೆ. ಇಷ್ಟು ತಡವಾದದ್ದು ನನಗೆ ನೋವಿನ ಸಂಗತಿ. ಹುಳಕಡ್ಡಿಯಿಂದ ಯಾರೂ ಸಾಯುವುದಿಲ್ಲವಲ್ಲ ಎಂಬ ಮಾತು ರಾತ್ರಿಯಿಡೀ ಕೆರೆದುಕೊಂಡು ಬೆಳಗ್ಗೆ ಎಲೆ ಕೀಳಲು ಹೋಗುವವಳಿಗೆ ಉತ್ತರವಾಗದು.

ಗುಳ್ಳೆ ರೋಗಕ್ಕೆ ಮದ್ದು ಹೊಡೆಯಬೇಡಿ ಎಂದು ಬೆಳೆಗಾರರಿಗೆ ಹೇಳಲಾರೆ. ಕುಡಿ ಹೋದರೆ ಅವರ ಸಂಪಾದನೆ ಹೋಯಿತು. ನೆರಳಿನ ಮರ ಸವರಿ ಗಾಳಿ ಬೆಳಕು ಬಿಡುವುದು, ಗುಳ್ಳೆ ಕಂಡಾಗಲಷ್ಟೇ ಅಜೋಲ್ ಬಳಸುವುದು, ಉಳಿದಂತೆ ತಾಮ್ರದಲ್ಲಿ ನಿಭಾಯಿಸುವುದು, ಇಷ್ಟು ಕೇಳಬಹುದು. ಮನುಷ್ಯರ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಹುಳಕಡ್ಡಿಗೆ ವಾರಗಟ್ಟಲೆ ಮದ್ದು ಬೇಕು, ಉಂಗುರ ಮಾಯವಾದ ಮೇಲೂ ಸ್ವಲ್ಪ ದಿನ ಬೇಕು, ಮನೆಯಲ್ಲಿ ಹುಳಕಡ್ಡಿ ಇರುವವರೆಲ್ಲರಿಗೂ ಒಟ್ಟಿಗೇ ಬೇಕು. ಬಿಸಿಲಿಲ್ಲದ ಊರಿನಲ್ಲಿ ಒಳಬಟ್ಟೆಗೆ ಬಿಸಿ ಇಸ್ತ್ರಿಯಾದರೂ ಆಗಬೇಕು. ಅಷ್ಟು ದಿನದ ಇಟ್ರಾಕೊನಜೋಲ್ ಕೊಳ್ಳುವುದು ದಿನಗೂಲಿಯವರ ಕೈಗೆಟುಕದ ಮಾತು, ಅರ್ಧಕ್ಕೆ ಬಿಡುವುದಕ್ಕೆ ಅದೂ ಒಂದು ಕಾರಣ. ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪೂರ್ತಿ ಅವಧಿಗೆ ಉಚಿತವಾಗಿ ಸಿಗಬೇಕು. ಕೊಡುವ ಡಾಕ್ಟರು ಮನೆಯಲ್ಲಿ ಕರು ಇದೆಯೇ, ಅದರ ಕಣ್ಣಿನ ಸುತ್ತ ಹಕ್ಕಳೆ ಇದೆಯೇ ಎಂದೂ ಕೇಳಿ, ಇದ್ದರೆ ಪಶುವೈದ್ಯರಿಗೂ ಒಂದು ಚೀಟಿ ಬರೆದುಕೊಡಬೇಕು.